ಹೊಸ ಬಣ್ಣಕ್ಕೆ ಹಳೆಯ ಕಳೆ

ಅಡುಗೆಮನೆಯ ಕಪಾಟಿಗೆ ಹೊಸದಾಗಿ ಬಣ್ಣ ಬಳಿಯುವುದು, ಅದು ಒಣಗಿದ ಮೇಲೆ ಅಲ್ಲಲ್ಲಿ ಉಜ್ಜಿ ಹಳೆಯದರಂತೆ ಕಾಣುವ ಹಾಗೆ ಮಾಡುವುದು! ಹೀಗೊಂದು ಕೆಲಸ ಇದೆ ಎಂದರೆ ನಿಮ್ಮಲ್ಲಿ ಅರ್ಧ ಜನ ನಗುತ್ತೀರಿ. ನಮ್ಮ ಅತ್ತೆಯವರೂ ನಕ್ಕರು. "ಅಲ್ಲ ಕಣೇ, ದುಡ್ಡು ಕೊಟ್ಟು ಬಣ್ಣ ತಂದು, ಬಳಿದು, ಆಮೇಲೆ ನೀನೇ ಕೆರೆಯೋದಾದ್ರೆ ಬಳಿಯೋದಾದ್ರೂ ಯಾಕೆ?" ಅಂತ ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಸರಳವಾಗಿದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹಲಸು, ಹೊನ್ನೆ, ಸಾಗುವಾನಿಯ ಗಟ್ಟಿ ಕಪಾಟುಗಳಿವೆ. ಬಾಗಿಲಿಗೆ ಜಾಲರಿ ಹೊಡೆದು, ಒಳಗೆ ಹಾಲು, ಮೊಸರು, ಬೆಣ್ಣೆ ಇಡುತ್ತಿದ್ದ ಕಪಾಟುಗಳು. ಹತ್ತು ಹದಿನೈದು ವರ್ಷಕ್ಕೊಮ್ಮೆ ಅವುಗಳ ಮೇಲೆ ಒಂದೊಂದು ಪದರ ಎನಾಮಲ್ ಬಣ್ಣ ಬಿದ್ದಿದೆ. ಮನೆಗೆ ಹೊಸ ಮಾದರಿಯ ಅಡುಗೆಕಟ್ಟೆ ಬಂದ ಕೂಡಲೆ ಇವು ಮೊದಲು ಹಿತ್ತಿಲಿಗೆ ಹೋಗುತ್ತವೆ, ಅಲ್ಲಿ ಒಂದು ಮಳೆಗಾಲ ನೆನೆದ ಮೇಲೆ ಗುಜರಿಯವನಿಗೆ, ಇಲ್ಲವೆ ಬಚ್ಚಲ ಒಲೆಗೆ. ಉಳಿಸಿಕೊಳ್ಳೋಣವೆಂದು ಇಂಥ ಕಪಾಟಿಗೆ ಫಳಫಳ ಹೊಳೆಯುವ ಬಣ್ಣ ಬಳಿದರೆ ಏನಾಗುತ್ತದೆ ಗೊತ್ತೆ? ಮರದ ಒಂದೊಂದು ತಗ್ಗು, ಒಂದೊಂದು ಮೊಳೆಯ ತೂತು, ಹುಳು ಕೊರೆದ ಗುರುತು ಎಲ್ಲ ಎದ್ದು ಕಾಣುತ್ತದೆ. ವಯಸ್ಸಾದವರ ಮುಖಕ್ಕೆ ದಪ್ಪಗೆ ಪೌಡರ್ ಹಚ್ಚಿದ ಹಾಗೆ. ಹೊಳಪಿಲ್ಲದ ಬಣ್ಣ ಹಚ್ಚಿ ಅಂಚುಗಳನ್ನು ಸವೆಸಿದರೆ ಅದೇ ತಗ್ಗು ಅದೇ ತೂತು ಕಪಾಟಿನ ಅಂದವಾಗಿಬಿಡುತ್ತವೆ. ಹೊಸ ಕಪಾಟು ಕೊಳ್ಳುವ ಖರ್ಚು ತಪ್ಪುತ್ತದೆ, ಮನೆಯ ಮರವೂ ಮನೆಯಲ್ಲೇ ಉಳಿಯುತ್ತದೆ.

ಇದು ಹೊರದೇಶದಿಂದ ಬಂದ ಷೋಕಿ ಎನ್ನುವುದು ನಿಜವೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಚಲ್ ಆಶ್‌ವೆಲ್ ಎಂಬಾಕೆ 1989ರಲ್ಲಿ ‘ಶ್ಯಾಬಿ ಶಿಕ್’ ಎಂಬ ಹೆಸರಿನ ಅಂಗಡಿ ತೆರೆದು ಹಳೆಯ ಸಾಮಾನುಗಳನ್ನು ಅವುಗಳ ಸವೆತದ ಸಮೇತ ಮಾರತೊಡಗಿದಳು. ಮಾಸಲು ಎನ್ನುವುದೇ ಅಂದ ಎಂಬುದು ಆ ಹೆಸರಿನ ತಾತ್ಪರ್ಯ. ಅದಾದ ಮೇಲೆ ಹಳೆಯ ಸಾಮಾನು ಸಿಗದವರು ಹೊಸದನ್ನೇ ಉಜ್ಜಿ ಹಳೆಯದು ಮಾಡಿದರು. ನಮಗೆ ಆ ಕಷ್ಟವಿಲ್ಲ. ನಿಜವಾಗಿ ಹಳೆಯದೇ ನಮ್ಮ ಹಿತ್ತಿಲಲ್ಲಿ ಬಿದ್ದಿದೆ. ಆದರೆ ಅಪಾಯ ಇರುವುದೂ ಅಲ್ಲೇ. ಅದನ್ನು ಮೊದಲು ಹೇಳಿಬಿಡುತ್ತೇನೆ, ದಯವಿಟ್ಟು ಈ ಭಾಗವನ್ನು ಹಾರಿಸಿ ಓದಬೇಡಿ.

ಹಳೆಯ ಎನಾಮಲ್ ಬಣ್ಣದಲ್ಲಿ ಸೀಸ ಇರುತ್ತಿತ್ತು. ಅದರಲ್ಲೂ ಹಳದಿ, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಹೆಚ್ಚು. ಹಳದಿಗೆ ಸೀಸದ ಕ್ರೋಮೇಟ್ ಹಾಕುತ್ತಿದ್ದರು, ಆ ಹಳದಿಗೆ ನೀಲಿ ಬೆರೆಸಿದರೆ ಹಸಿರು. ನಮ್ಮ ಅಡುಗೆಮನೆಯ ಕಪಾಟುಗಳೆಲ್ಲ ಯಾವ ಬಣ್ಣದವು, ಒಮ್ಮೆ ನೆನಪು ಮಾಡಿಕೊಳ್ಳಿ. ಹೆಚ್ಚಿನವು ಹಸಿರು! ಬಣ್ಣ ಗಟ್ಟಿಯಾಗಿ ಮರಕ್ಕೆ ಅಂಟಿಕೊಂಡಿರುವ ತನಕ ದೊಡ್ಡ ತೊಂದರೆಯಿಲ್ಲ. ಅದನ್ನು ಒಣಗಿದ್ದಾಗಲೇ ಮರಳು ಕಾಗದದಿಂದ ಉಜ್ಜಿದಾಗ ಹಿಟ್ಟಿನಂಥ ಪುಡಿ ಏಳುತ್ತದೆ ನೋಡಿ, ಕಷ್ಟವಿರುವುದು ಅದರಲ್ಲಿ. ಆ ಪುಡಿ ನೆಲದ ಮೇಲೆ, ಪಾತ್ರೆಯ ಮೇಲೆ, ಕಿಟಕಿಯ ಸಂದಿನಲ್ಲಿ ಕೂರುತ್ತದೆ. ಅಂಬೆಗಾಲಿಡುವ ಮಗು ಅದೇ ನೆಲದ ಮೇಲೆ ಕೈಯೂರಿ ಅದೇ ಕೈಯನ್ನು ಬಾಯಿಗಿಡುತ್ತದೆ. ಸೀಸ ಸೇರಿದ ಬಣ್ಣದ ಚಕ್ಕೆಗೆ ಒಂದು ಬಗೆಯ ಸಿಹಿಯೂ ಇರುವುದರಿಂದ ಮಕ್ಕಳು ಅದನ್ನು ಚೀಪುವುದುಂಟು. ಸೀಸ ಮಗುವಿನ ಮೆದುಳಿಗೆ ಪೆಟ್ಟು ಕೊಡುತ್ತದೆ, ಓದು, ನೆನಪು, ಗಮನ ಎಲ್ಲ ಕುಗ್ಗುತ್ತದೆ, ಆದ ನಷ್ಟ ಮರಳಿ ಬರುವುದಿಲ್ಲ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಯ ಮೈಸೇರಿದ ಸೀಸ ಹೊಟ್ಟೆಯ ಕೂಸಿಗೂ ಮುಟ್ಟುತ್ತದೆ.

ಈಗ ಹೇಳಿ, ನಾವು ಮನೆಯ ಬಣ್ಣ ಕೆರೆಸುವುದು ಯಾವಾಗ? ಮಗಳು ಚೊಚ್ಚಲ ಹೆರಿಗೆಗೆ ತೌರಿಗೆ ಬರುತ್ತಾಳೆ, ಮನೆ ಸ್ವಲ್ಪ ಚೊಕ್ಕಟವಾಗಿರಲಿ ಎಂದು. ಮೊಮ್ಮಗುವಿನ ನಾಮಕರಣಕ್ಕೆ ನೆಂಟರು ಬರುತ್ತಾರೆಂದು. ಬೇಸಿಗೆ ರಜೆಗೆ ಮಕ್ಕಳು ಬಂದಾಗ ಮನೆ ಲಕ್ಷಣವಾಗಿರಲಿ ಎಂದು. ಯಾರು ಆ ಪುಡಿಯಿಂದ ದೂರವಿರಬೇಕೋ ಅವರು ಬರುವ ಹೊತ್ತಿಗೇ ಸರಿಯಾಗಿ ನಾವು ಪುಡಿ ಎಬ್ಬಿಸುತ್ತೇವೆ. ನಮ್ಮ ಬೀದಿಯಲ್ಲೇ ಒಂದು ಮನೆಯಲ್ಲಿ ಎಂಟು ತಿಂಗಳ ಬಸುರಿ ಒಳಗೆ ಮಲಗಿದ್ದಳು, ಪಡಸಾಲೆಯಲ್ಲಿ ಇಬ್ಬರು ಆಳುಗಳು ಯಂತ್ರ ಹಿಡಿದು ಹಳೆಯ ಬಾಗಿಲು ಉಜ್ಜುತ್ತಿದ್ದರು. ಮನೆಯ ಹಿರಿಯರಿಗೆ ವಿಷಯ ತಿಳಿಸಿದ ಮೇಲೆ ಆ ಹುಡುಗಿಯನ್ನು ಚಿಕ್ಕಮ್ಮನ ಮನೆಗೆ ಕಳಿಸಿದರು, ಕೆಲಸವನ್ನೂ ನಿಲ್ಲಿಸಿದರು. ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?

ಈ ವಿಷಯದಲ್ಲಿ ನಮ್ಮ ನಾಡಿನವರೇ ದುಡಿದಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ಎಚ್ಚರಿಸಿದವರು. 1999ರಲ್ಲಿ ಬೆಂಗಳೂರಿನಲ್ಲೇ ಇದರ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಬಣ್ಣದಿಂದ ಹೋಗುವುದಕ್ಕೆ ಇನ್ನೂ ಹಲವು ವರ್ಷ ಬೇಕಾದವು. ಮನೆಗೆ ಬಳಸುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿತು, ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆದ್ದರಿಂದ ಅದಕ್ಕೆ ಮೊದಲು ಬಳಿದ ಯಾವ ಬಣ್ಣವೇ ಆಗಲಿ, ಅದರಲ್ಲಿ ಸೀಸ ಇದೆ ಎಂದೇ ತಿಳಿದು ನಡೆದುಕೊಳ್ಳಿ. ಹೊಸ ಡಬ್ಬಿ ಕೊಳ್ಳುವಾಗಲೂ ಮೇಲೆ ಸೀಸದ ಪ್ರಮಾಣ ಬರೆದಿದೆಯೇ ನೋಡಿ, ಬಿಡಿಯಾಗಿ ಅಳೆದು ಕೊಡುವ ಹೆಸರಿಲ್ಲದ ಬಣ್ಣ ಬೇಡ.

ಇನ್ನೊಂದು ಮಾತು. ಹಳೆಯ ಬಣ್ಣದ ಹಲಗೆಯನ್ನು ಬಚ್ಚಲ ಒಲೆಗೆ ಹಾಕಬೇಡಿ. ಹೊಗೆಯಲ್ಲೂ ಸೀಸ, ಬೂದಿಯಲ್ಲೂ ಸೀಸ. ಆ ಬೂದಿಯನ್ನು ಪಾತ್ರೆ ತಿಕ್ಕಲು ತೆಗೆದಿಡುವವರಿದ್ದೀರಿ, ಸೊಪ್ಪಿನ ಮಡಿಗೆ ಎರಚುವವರೂ ಇದ್ದೀರಿ.

ಹಾಗಾದರೆ ಹಳೆಯ ಕಪಾಟನ್ನು ಮುಟ್ಟುವುದೇ ಬೇಡವೆ? ಹಾಗಲ್ಲ. ಹಳೆಯ ಪದರವನ್ನು ಕೆರೆದು ಅದರ ಕೆಳಗಿನ ಹಳೆತನವನ್ನು ಹುಡುಕುವುದು ಬೇಡ, ಅಷ್ಟೆ. ಅದನ್ನು ಅಲ್ಲೇ ಮುಚ್ಚಿಡಿ. ಮೇಲೆ ಹೊಸದಾಗಿ ಎರಡು ಬಣ್ಣ ಕೊಟ್ಟು, ಆ ಹೊಸ ಬಣ್ಣವನ್ನೇ ಸವೆಸಿ. ನೋಡುವವರ ಕಣ್ಣಿಗೆ ಎರಡೂ ಒಂದೇ. ಇನ್ನು ಕೆಲಸಕ್ಕೆ ಬರೋಣ.

ನಮ್ಮಂಥ ಮಳೆಯ ಊರುಗಳಲ್ಲಿ ದೀಪಾವಳಿ ಕಳೆದ ಮೇಲಿನಿಂದ ಯುಗಾದಿಯ ತನಕ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬಣ್ಣ ಒಣಗದೆ ಅಂಟಂಟಾಗಿ ಕೂರುತ್ತದೆ. ಕಪಾಟನ್ನು ಹಿತ್ತಿಲಿನ ಚಪ್ಪರದ ಕೆಳಗೆ ಇಳಿಸಿ. ಬಾಗಿಲು, ಚಿಲಕ, ಹಿಡಿ ಎಲ್ಲ ಬಿಚ್ಚಿ, ತಿರುಪುಗಳನ್ನು ಒಂದು ಡಬ್ಬಿಗೆ ಹಾಕಿಡಿ. ಬಾಗಿಲ ಹಿಂದೆ ಎಡ ಬಲ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ಕೂರಿಸುವಾಗ ಒದ್ದಾಡುತ್ತೀರಿ.

ಮೊದಲು ತೊಳೆಯುವುದು. ವರ್ಷಗಟ್ಟಲೆ ಒಗ್ಗರಣೆಯ ಹೊಗೆ ಕುಡಿದ ಕಪಾಟು ಅದು. ಜಿಡ್ಡಿನ ಮೇಲೆ ಯಾವ ದುಬಾರಿ ಬಣ್ಣವೂ ನಿಲ್ಲುವುದಿಲ್ಲ. ಅರ್ಧ ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಬಟ್ಟೆಯಿಂದ ಒರೆಸಿ, ಆಮೇಲೆ ಬರಿಯ ನೀರಿನಲ್ಲಿ ಎರಡು ಸಲ ಒರೆಸಿ. ಕೈಗೆ ರಬ್ಬರಿನ ಗವುಸು ಇರಲಿ. ಎರಡು ದಿನ ನೆರಳಿನಲ್ಲಿ ಒಣಗಬೇಕು. ಹುಳು ಕೊರೆದ ತೂತಿನಿಂದ ಈಗಲೂ ಹಿಟ್ಟು ಉದುರುತ್ತಿದ್ದರೆ ಹುಳು ಒಳಗೇ ಇದೆ ಎಂದರ್ಥ, ಅದಕ್ಕೆ ಔಷಧಿ ಮಾಡಿಸದೆ ಬಣ್ಣಕ್ಕೆ ಕೈ ಹಾಕಬೇಡಿ.

ಹಳೆಯ ಬಣ್ಣ ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ಅಂಟಿನ ಟೇಪನ್ನು ಒತ್ತಿ ಅಂಟಿಸಿ ರಪ್ಪನೆ ಕೀಳಿ. ಬಣ್ಣ ಟೇಪಿನ ಜೊತೆ ಎದ್ದು ಬರದಿದ್ದರೆ ಮುಂದುವರಿಯಬಹುದು. ಚಕ್ಕೆ ಚಕ್ಕೆಯಾಗಿ ಏಳುವಂಥ ಕಪಾಟಾದರೆ, ಮಕ್ಕಳಿರುವ ಮನೆಯಲ್ಲಿ ಅದನ್ನು ಮುಟ್ಟದಿರುವುದೇ ಮೇಲು.

ಗಟ್ಟಿ ಇದ್ದರೂ ಹೊಳಪಿನ ಮೇಲೆ ಹೊಸ ಬಣ್ಣ ಹಿಡಿಯುವುದಿಲ್ಲ, ಹೊಳಪನ್ನು ಸ್ವಲ್ಪ ಮುರಿಯಬೇಕು. ಇದಕ್ಕೆ ವಾಟರ್ ಪೇಪರ್ ಎಂದು ಕೇಳಿ, 320ನೇ ನಂಬರಿನದು. ನಂಬರು ಹೆಚ್ಚಾದಷ್ಟೂ ಕಾಗದ ನಯ. ಕಾಗದವನ್ನೂ ಮರವನ್ನೂ ಒದ್ದೆ ಮಾಡಿಕೊಂಡೇ ಉಜ್ಜಬೇಕು, ಪುಡಿ ಏಳಲೇಕೂಡದು. ಕೆಳಗೆ ಪ್ಲಾಸ್ಟಿಕ್ ಹಾಳೆ, ಮೂಗಿಗೆ ಕೊರೋನಾ ಕಾಲದಲ್ಲಿ ತಂದ ಎನ್-95 ಮಾಸ್ಕು (ಬಟ್ಟೆಯ ಮಾಸ್ಕು ಸಾಲದು). ಬಂದ ಕೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಬಟ್ಟೆ ಹಾಳೆ ಎಲ್ಲವನ್ನೂ ಒಂದು ಚೀಲಕ್ಕೆ ಕಟ್ಟಿ ಕಸಕ್ಕೆ ಕೊಡಿ. ಆ ಬಟ್ಟೆಯನ್ನು ಒಗೆದಿಡಬೇಕೆನ್ನುವ ನಮ್ಮ ಉಳಿತಾಯ ಬುದ್ಧಿ ಇಲ್ಲಿ ಬೇಡ. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆದು, ತಲೆಗೆ ಸ್ನಾನ ಮಾಡಿಯೇ ಮಕ್ಕಳನ್ನು ಎತ್ತಿಕೊಳ್ಳಿ. ಬಸುರಿಯರು, ಹಾಲೂಡಿಸುವವರು ಈ ಹಂತಕ್ಕೆ ಕೈ ಹಾಕಲೇಬಾರದು.

ಬಣ್ಣ ಹೋಗಿ ಮರ ಕಾಣುವ ಕಡೆ ಅರಗಿನ ಪಾಲಿಶ್ ಒಂದು ಕೈ ಹಚ್ಚಿ. ಹಲಸು ಹೊನ್ನೆಗಳಿಗಂತೂ ಇದು ಬೇಕೇ ಬೇಕು. ಹೊನ್ನೆಯ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಿಗ್ಗೆಗೆ ನೀರಿಗೆ ಬಣ್ಣ ಬರುತ್ತದಲ್ಲ, ಅದೇ ಬಣ್ಣ ನೀವು ಬಳಿದ ಬಿಳಿಯ ಮೇಲೂ ಕಂದು ಕಲೆಯಾಗಿ ಏಳುತ್ತದೆ. ಅರಗು ಅದನ್ನು ತಡೆಯುತ್ತದೆ. ಅದರ ಮೇಲೆ ಮರದ ಪ್ರೈಮರ್ ಎರಡು ಕೈ, ನಡುವೆ ಒಂದು ಪೂರ್ತಿ ದಿನ ಬಿಟ್ಟು. ಒಂದೇ ಕೈ ಸಾಕು ಎಂದು ಅಂಗಡಿಯವರು ಹೇಳಬಹುದು. ಆದರೆ ಹಳೆಯ ಬಣ್ಣಕ್ಕೂ ನಿಮ್ಮ ಉಜ್ಜುವ ಕೈಗೂ ನಡುವೆ ಇರುವ ಗೋಡೆ ಇದೇ.

ಈಗ ಒಳಬಣ್ಣ. ಸವೆದ ಕಡೆ ಇಣುಕಿ ಕಾಣುವ ಬಣ್ಣವಿದು. ಮರದಂತೆ ಕಾಣಬೇಕಾದ್ದರಿಂದ ಕಂದು ಅಥವಾ ಕೆಮ್ಮಣ್ಣಿನ ಬಣ್ಣ ಚೆನ್ನ. ಹೊರಬಣ್ಣ ಮಜ್ಜಿಗೆಯ ಬಿಳಿ, ತಿಳಿ ಹಸಿರು, ಮಾಸಲು ನೀಲಿ, ಯಾವುದಾದರೂ ಸರಿ. ಸೌದೆ ಒಲೆ ಇರುವ ಮನೆಗೆ ಬಿಳಿ ಬೇಡ. ಎರಡಕ್ಕೂ ನೀರಿನಲ್ಲಿ ಬೆರೆಯುವ, ಹೊಳಪಿಲ್ಲದ ಬಣ್ಣವನ್ನೇ ಕೊಳ್ಳಿ. ಅದು ನಾಲ್ಕಾರು ಗಂಟೆಯಲ್ಲಿ ಒಣಗುತ್ತದೆ, ಸವೆಸಲೂ ಸುಲಭ. ಐದಡಿ ಎತ್ತರ ಮೂರಡಿ ಅಗಲದ ಕಪಾಟಿಗೆ ಒಂದೊಂದು ಬಣ್ಣ ಒಂದೊಂದು ಲೀಟರ್ ತಂದರೆ ಧಾರಾಳ, ಉಳಿಯುತ್ತದೆ. ಹೊಳಪು ಇನ್ನೂ ಸಾಯಬೇಕೆಂದರೆ ಒಂದು ಲೋಟ ಬಣ್ಣಕ್ಕೆ ಎರಡು ಮೂರು ದೊಡ್ಡ ಚಮಚ ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್ನು ನೀರಿನಲ್ಲಿ ಗಂಟಿಲ್ಲದೆ ಕದಡಿ ಸೇರಿಸಿ, ದೋಸೆಹಿಟ್ಟಿನ ಹದಕ್ಕೆ. ಅದು ಬೇಗ ಬಿಗಿದುಕೊಳ್ಳುತ್ತದೆ, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಕಲಸಿಕೊಳ್ಳಿ.

ಒಳಬಣ್ಣ ಎರಡು ಕೈ ಹಚ್ಚಿ ಒಂದು ದಿನ ಒಣಗಿಸಿ. ಆಮೇಲೆ ಒಂದು ಬಿಳಿ ಮೇಣದ ಬತ್ತಿ ತೆಗೆದುಕೊಂಡು, ಎಲ್ಲಿ ಸವೆತ ಕಾಣಬೇಕೋ ಅಲ್ಲಿ ಗಟ್ಟಿಯಾಗಿ ಉಜ್ಜಿ. ಮೇಣದ ಮೇಲೆ ಹೊರಬಣ್ಣ ಹಿಡಿಯುವುದಿಲ್ಲ, ಕೆಲಸದ ಗುಟ್ಟೆಲ್ಲ ಇಷ್ಟೇ.

ಆದರೆ ಎಲ್ಲಿ? ಇದನ್ನು ಸರಿಯಾಗಿ ಯೋಚಿಸದವರ ಕಪಾಟು ಚಿಕನ್‌ಪಾಕ್ಸ್ ಬಂದ ಮೈಯ ಹಾಗೆ ಕಾಣುತ್ತದೆ. ಅಲ್ಲೊಂದು ಇಲ್ಲೊಂದು ಕಲೆ ಹಾಕಿದರೆ ಹಳೆಯದಾಗುವುದಿಲ್ಲ. ವಸ್ತು ಸವೆಯುವುದಕ್ಕೆ ಕಾರಣ ಇರುತ್ತದೆ. ನಿಮ್ಮ ಊರಿನ ದೇವಸ್ಥಾನದ ಬಾಗಿಲನ್ನು ನೋಡಿ, ಕೈ ಊರುವ ಎತ್ತರದಲ್ಲಿ ನಯವಾಗಿದೆ, ತಲೆಯ ಮೇಲಿನ ಭಾಗ ಒರಟಾಗಿಯೇ ಇದೆ. ಊಟಕ್ಕೆ ಕೂರುವ ಮಣೆ ನೋಡಿ, ಹೊಸ್ತಿಲು ನೋಡಿ. ಕಪಾಟಿನಲ್ಲಿ ಸವೆಯುವುದು ಚಿಲಕದ ಸುತ್ತ, ಬಾಗಿಲ ಅಂಚಿನಲ್ಲಿ, ಪೊರಕೆಯೂ ಕಾಲೂ ತಗಲುವ ಕೆಳಪಟ್ಟಿಯಲ್ಲಿ, ಡಬ್ಬಿ ಎಳೆದೆಳೆದು ಇಡುವ ಹಲಗೆಯ ಮುಂದಂಚಿನಲ್ಲಿ, ಹೊರಚಾಚಿದ ಮೂಲೆಗಳಲ್ಲಿ. ಬಾಗಿಲ ನಟ್ಟನಡುವೆ ಯಾರ ಕೈಯೂ ಹೋಗುವುದಿಲ್ಲ, ಅಲ್ಲಿ ಮೇಣ ಬೇಡ.

ನಮ್ಮ ಮನೆಯ ಕಪಾಟಿಗೆ ಮೇಣ ಉಜ್ಜುವ ಮೊದಲು ಅತ್ತೆಯವರನ್ನೇ ಕರೆದು ನಿಲ್ಲಿಸಿದೆ. ಐವತ್ತು ವರ್ಷ ಅದನ್ನು ತೆಗೆದು ಹಾಕಿದ ಕೈ ಅವರದು. "ಬಾಗಿಲು ತೆಗೆಯೋ ಹಾಗೆ ಮಾಡಿ ಅಮ್ಮ" ಎಂದೆ. ಅವರು ಬಲಗೈಯಲ್ಲಿ ಎಣ್ಣೆಯ ಗಿಂಡಿ ಹಿಡಿದವರ ಹಾಗೆ ನಿಂತು, ಎಡಗೈಯಿಂದ ಚಿಲಕ ಸರಿಸಿ, ಮೊಣಕೈಯಿಂದ ಬಾಗಿಲನ್ನು ದೂಡಿದರು. ಕೆಳಗಿನ ಬಾಗಿಲನ್ನು ಮುಚ್ಚಿದ್ದು ಕಾಲ್ಬೆರಳಿನಿಂದ. ಮೊಣಕೈ ತಗಲಿದ ಜಾಗ, ಕಾಲ್ಬೆರಳು ತಗಲಿದ ಜಾಗ, ಎರಡೂ ಯಾವ ಪುಸ್ತಕದಲ್ಲೂ ಸಿಗುವಂಥದಲ್ಲ. ಅಲ್ಲೆಲ್ಲ ಮೇಣ ಹಚ್ಚಿದೆ. ಆದ್ದರಿಂದ ಎಡಬಾಗಿಲು ಹೆಚ್ಚು ಸವೆದಿದೆ, ಬಲಬಾಗಿಲು ಕಡಿಮೆ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಕೇಳಿ ನೋಡಿ, ಅವರಿಗೂ ಖುಷಿ. ನಮ್ಮ ಅತ್ತೆಯವರಂತೂ ಆವತ್ತಿನಿಂದ ಕೆರೆಯುವುದು ಯಾಕೆ ಎಂದು ಕೇಳುವುದನ್ನು ಬಿಟ್ಟು, ಇಲ್ಲಿ ಇನ್ನಷ್ಟು ಹಚ್ಚು ಅನ್ನತೊಡಗಿದರು!

ಮೇಣದ ಚೂರುಗಳನ್ನು ಊದಿ ತೆಗೆದು, ಹೊರಬಣ್ಣವನ್ನು ತೆಳ್ಳಗೆ ಎರಡು ಕೈ ಹಚ್ಚಿ. ಮಾರನೆಯ ದಿನ ಪಾತ್ರೆ ತಿಕ್ಕುವ ಹಸಿರು ನಾರಿನಿಂದಲೋ 220ನೇ ನಂಬರಿನ ಕಾಗದದಿಂದಲೋ ಮೇಣವಿದ್ದ ಕಡೆ ಹಗುರವಾಗಿ ಉಜ್ಜಿದರೆ ಹೊರಬಣ್ಣ ಎದ್ದು ಬಂದು ಒಳಬಣ್ಣ ಕಾಣುತ್ತದೆ. ಬಿಳಿಯ ಪ್ರೈಮರ್ ಇಣುಕಿದ ಕೂಡಲೆ ಕೈ ನಿಲ್ಲಿಸಿ, ಅಲ್ಲಿಗೆ ಒಳಬಣ್ಣ ಒಂದು ತೊಟ್ಟು ಮುಟ್ಟಿಸಿ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಆಗಾಗ ನೋಡುತ್ತಿರಿ. ಇನ್ನು ಸ್ವಲ್ಪ ಬೇಕು ಅನ್ನಿಸುವಾಗ ಬಿಡುವುದೇ ಸರಿಯಾದ ಹೊತ್ತು. ಹೆಚ್ಚಾದರೆ ‘ಬಣ್ಣ ಮಾಡಿಸೋಕೆ ದುಡ್ಡಿರಲಿಲ್ಲವಾ’ ಎಂದು ಬಂದವರು ಕೇಳುತ್ತಾರೆ.

ಸಂದುಗಳಲ್ಲಿ ಹಳೆಯ ಕೊಳೆ ಕೂತ ಹಾಗೆ ಕಾಣಬೇಕೆಂದರೆ ಕಂದು ಸ್ಟೈನರ್ ಎರಡು ಹನಿಯನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಹಚ್ಚಿ ಕೂಡಲೆ ಹಳೆಯ ಪಂಚೆ ಬಟ್ಟೆಯಿಂದ ಒರೆಸಿಬಿಡಿ. ಕಾಫಿ ಡಿಕಾಕ್ಷನ್ ಹಚ್ಚಿದರೂ ಆಗುತ್ತದೆಂದು ಹೇಳುವವರಿದ್ದಾರೆ. ಅಡುಗೆಮನೆಯಲ್ಲಿ ಅದು ನಿಲ್ಲುವ ಬಣ್ಣವಲ್ಲ, ಡಿಕಾಕ್ಷನ್ ಕುಡಿಯುವುದಕ್ಕೇ ಇರಲಿ.

ಉಳಿದ ಮೇಣವನ್ನೆಲ್ಲ ಬಟ್ಟೆಯಿಂದ ತಿಕ್ಕಿ ತೆಗೆದು, ಹೊಳಪಿಲ್ಲದ ನೀರಿನ ವಾರ್ನಿಷ್ ಎರಡು ಕೈ ಕೊಡಿ. ಮೇಣ ಉಳಿದರೆ ವಾರ್ನಿಷ್ ಅಲ್ಲಿ ಹಿಡಿಯುವುದಿಲ್ಲ. ಹೊರದೇಶದವರು ಜೇನುಮೇಣ ತಿಕ್ಕಿ ಮುಗಿಸುತ್ತಾರೆ, ಆದರೆ ನಮ್ಮ ಒಲೆಯ ಪಕ್ಕದ ಶಾಖಕ್ಕೆ ಮೇಣ ಮೆತ್ತಗಾಗಿ ಮಸಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಅಗಸೆ ಎಣ್ಣೆ ಬಳಸುವವರಿಗೆ ಒಂದು ಎಚ್ಚರಿಕೆ. ಆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನೇ ಕಾವೇರಿ ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಬಯಲಿನಲ್ಲಿ ಒಣಗಿಸಿಯೇ ಎಸೆಯಬೇಕು.

ಸನ್‌ಮೈಕಾ ಅಂಟಿಸಿದ ಕಪಾಟಿನ ಮೇಲೆ ಈ ಸವೆತದ ಆಸೆ ಬೇಡ. ಅದರ ಕೆಳಗಿರುವುದು ಕಂದು ಕಾಗದದ ಪದರ, ಮರವಲ್ಲ. ಒತ್ತುಹಲಗೆಯ ಅಂಚು ಉಜ್ಜಿದರೆ ಮರದ ಹೊಟ್ಟು ಕಾಣುತ್ತದೆ, ನೀರು ಕುಡಿದು ಉಬ್ಬುತ್ತದೆ. ಅಂಥದಕ್ಕೆ ಉಜ್ಜುವುದನ್ನು ಬಿಟ್ಟು, ಪ್ರೈಮರ್ ಮೇಲೆ ಬಣ್ಣ ಬಳಿದು, ಬ್ರಷ್ಷಿನ ತುದಿಗೆ ಚೂರೇ ಚೂರು ಕಂದು ತಾಗಿಸಿ, ಕಾಗದದ ಮೇಲೆ ಒರೆಸಿ ಒಣಗಿಸಿ, ಅಂಚಿನ ಮೇಲೆ ಹಗುರವಾಗಿ ಎಳೆದರೆ ಸಾಕು.

ಒಳಗಿನ ಹಲಗೆಗಳಿಗೆ ಪ್ರೈಮರ್, ಒಂದೇ ಬಣ್ಣ, ವಾರ್ನಿಷ್, ಇಷ್ಟೇ. ಅಲ್ಲಿ ಸವೆತ ಬೇಡ. ಮಗುವಿನ ತೊಟ್ಟಿಲು, ಆಟಿಕೆಗಳಿಗೂ ಈ ವಿದ್ಯೆ ಬೇಡವೇ ಬೇಡ, ಅವನ್ನು ಮಕ್ಕಳು ಕಚ್ಚುತ್ತವೆ.

ವಾರ್ನಿಷ್ ಕೈಗೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯ ತನಕ ಹಗುರವಾದ ಡಬ್ಬಿಗಳನ್ನಷ್ಟೇ ಇಡಿ. ಉಪ್ಪಿನಕಾಯಿ ಭರಣಿ, ಎಣ್ಣೆಯ ಡಬ್ಬಿಗಳನ್ನು ಆಮೇಲೆ, ಕೆಳಗೊಂದು ತಟ್ಟೆ ಕೊಟ್ಟು ಇಡಿ. ಒರೆಸಲು ಒದ್ದೆ ಬಟ್ಟೆ ಸಾಕು, ಸೋಡಾ ಹಾಕಿದ ನೀರು ಇನ್ನು ಮುಂದೆ ಬೇಡ. ಉಳಿದ ಬಣ್ಣದ ಡಬ್ಬಿಯ ಮೇಲೆ ತಾರೀಖು ಬರೆದು ಅಟ್ಟದ ಮೇಲಿಡಿ. ಅದು ಕೆಲಸಕ್ಕೆ ಬರುವ ಸಂಭವ ಕಡಿಮೆಯೇ, ಈ ಕಪಾಟಿಗೆ ಗೀರು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.